ಜಲಜನಕಕ್ಕೆ ಬೀಸಣಿಗೆ ಬೀಸಿದ ಮಹಾಲಿಂಗಯ್ಯ

ಪುರವರದ ಮಹಾಲಿಂಗಯ್ಯನವರಿಗೆ ಸರ್ಕಾರಿ ಕೆಲಸ ಸಿಕ್ಕಿದ್ದು ಇಲಿಗಳಿಂದ. ಮಹಾರಾಜರ ಹುಟ್ಟುಹಬ್ಬಕ್ಕೆ ಮಧುಗಿರಿಯಲ್ಲಿ ಬಲೂನು ಹಾರಿಸಬೇಕೆಂದು ತೀರ್ಮಾನವಾಗಿ, ಬೆಂಗಳೂರಿನಿಂದ ಒಂದು ದೊಡ್ಡ ಬಲೂನೂ ಅದಕ್ಕೆ ತುಂಬಲು ಜಲಜನಕವಿದ್ದ ಆಳೆತ್ತರದ ಕಬ್ಬಿಣದ ಸಿಲಿಂಡರೂ ಬಂದವು. ಹಬ್ಬದ ಮುನ್ನಾದಿನ ಕಚೇರಿಯ ಇಲಿಗಳು ಬಲೂನನ್ನು ತಿಂದವು. ಸಿಲಿಂಡರ್ ಉಳಿಯಿತು.

ಅನಿಲ ಮುಂದಿನ ವರ್ಷದವರೆಗೆ ಇದ್ದೀತೇ ಎಂದು ಅಮಲ್ದಾರರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವೆಂಕಟರಾಮಯ್ಯನವರನ್ನು ಕೇಳಿದರು.

"ಜಲಜನಕದ ಕಣ ಬಹಳ ಸಣ್ಣದು ಸ್ವಾಮಿ. ಗಟ್ಟಿ ಕಬ್ಬಿಣದೊಳಗೂ ನುಸುಳಿ ಆಚೆ ಬರುತ್ತೆ. ಕಬ್ಬಿಣ ಕಾದಷ್ಟೂ ಜೋರಾಗಿ ಬರುತ್ತೆ."

ಕೆಂಪಗೆ ಕಾದರೆ ಮಾತ್ರ ಚಿಂತೆ, ನಮ್ಮ ಬಿಸಿಲಿಗೆ ಏನೂ ಆಗದು ಎಂಬುದನ್ನು ಮೇಷ್ಟ್ರು ಹೇಳುವ ಹೊತ್ತಿಗೆ ಅಮಲ್ದಾರರು ಹುಕುಂ ಬರೆಸುತ್ತಿದ್ದರು: ಸಿಲಿಂಡರನ್ನು ತಂಪಾಗಿಡಲು ಒಬ್ಬ ಜವಾನ, ತಾತ್ಕಾಲಿಕ.

ಬೇಸಿಗೆಯಲ್ಲಿ ಮನೆಯ ನೀರಿನ ಗಡಿಗೆಗೆ ಮಾಡುವುದನ್ನೇ ಮಹಾಲಿಂಗಯ್ಯ ಅದಕ್ಕೂ ಮಾಡಿದರು. ಒದ್ದೆ ಮರಳಿನ ಮೇಲೆ ನಿಲ್ಲಿಸಿ, ಗೋಣಿತಾಟು ಸುತ್ತಿ, ನೀರು ಹಾಕಿ, ಪಕ್ಕದಲ್ಲಿ ಕೂತು ಗಾಳಿ ಬೀಸಿದರು. ಹೊಸ ಬಲೂನು ಮಂಜೂರಾಗಲೇ ಇಲ್ಲ. ಕೆಲಸ ಮಾತ್ರ ವರ್ಷದಿಂದ ವರ್ಷಕ್ಕೆ ಮುಂದುವರಿಯಿತು.

"ಕೂಸಿಗೆ ಒಂದಿನ ಗಾಳಿ ಬೀಸ್ಲಿಲ್ಲ, ಆ ಕಬ್ಣಕ್ಕೆ ಬೀಸ್ತಾ ಕುಂತವ್ರೆ" ಎಂದು ಹೆಂಡತಿ ಸಿದ್ದಗಂಗಮ್ಮ ಹಂಗಿಸುತ್ತಿದ್ದರು.

"ಕೂಸು ಗೋಡೆ ತೂರ್ಕಂಡು ಓಡೋಗಾಕಿಲ್ಲ ಕಣೆ."

ಎರಡನೆಯ ಮಹಾಯುದ್ಧದ ಕಾಲಕ್ಕೆ ಹೊಸ ಅಮಲ್ದಾರರು ಬಂದರು. ಅನವಶ್ಯಕ ಖರ್ಚು ಅವರಿಗೆ ಆಗದು.

"ಒಳಗೆ ಅನಿಲ ಇದೆಯೋ ಇಲ್ಲವೋ, ಬಿಚ್ಚಿ ನೋಡಿ. ಖಾಲಿಯಿದ್ದರೆ ನಾಳೆಯಿಂದ ಇವನು ಬರೋದು ಬೇಡ."

ಖಾಲಿಯಿದ್ದರೆ ಕೆಲಸ ಹೋಗುತ್ತಿತ್ತು. ತುಂಬಿದ್ದರೂ ಬಿಚ್ಚಿದ ಮೇಲೆ ಖಾಲಿಯಾಗಿ ಆಗಲೂ ಹೋಗುತ್ತಿತ್ತು.

"ತೆಗುದ್ರೆ ಇದ್ದದ್ದೂ ಓಯ್ತದೆ ಬುದ್ದಿ" ಎಂದರು ಮಹಾಲಿಂಗಯ್ಯ. ಯಾರೂ ಕೇಳಲಿಲ್ಲ.

ಬೀಗ, ನಲ್ಲಿ ರಿಪೇರಿ ಮಾಡುವ ಇಸಾಕ್ ಸಾಹೇಬರನ್ನು ಶಿರಾದಿಂದ ಕರೆಸಿದರು. ಅವರು ತಾಟು ಬಿಚ್ಚಿ, ಸಿಲಿಂಡರಿನ ಬಾಯಿಯ ತಿರುಪಿಗೆ ಇಕ್ಕಳ ಹಾಕಿ ನೇತಾಡಿದರು. ತಿರುಪು ಅಲುಗಲಿಲ್ಲ.

"ಇಷ್ಟು ವರ್ಷ ಸ್ನಾನ ಮಾಡ್ಸವ್ರೆ, ಜಂಗ್ ಹಿಡೀದೆ ಇರ್ತದಾ? ಬೆಂಕಿ ತರ್ಸಿ ಸಾಬ್. ಕಾಯ್ಸಿದ್ರೆ ಬುಡ್ತದೆ."

ನೋಡಲು ಬಂದಿದ್ದ ಮೇಷ್ಟ್ರು ಚಪ್ಪಲಿ ಬಿಟ್ಟು ಓಡಿ, ಗೇಟಿನಾಚೆಯಿಂದ ಕೂಗಿದರು. "ಬೆಂಕಿ ಬೇಡ! ಕಚೇರಿ ಸಮೇತ ಹಾರಿಹೋಗ್ತೀರಿ!"

"ಕಾಯಿಸ್ಬಾರ್ದು ಅಂತ ಹುಕುಮೇ ಐತೆ ಬುದ್ದಿ" ಎಂದರು ಮಹಾಲಿಂಗಯ್ಯ.

ಅಮಲ್ದಾರರು ಮೆಲ್ಲಗೆ ಹುಣಸೆಮರದ ಹಿಂದಕ್ಕೆ ಸರಿದರು. ತಾಟಿಲ್ಲದ ಸಿಲಿಂಡರ್ ಬಿಸಿಲಿಗೆ ನಿಂತಿತ್ತು.

"ಲೇ, ಇವತ್ತು ಇದಕ್ಕೆ ನೀರು ಹಾಕಿದ್ದೀಯೇನೋ?"

"ಎಲ್ಲಿ ಬುದ್ದಿ, ತಾವು ಬುಡ್ಲಿಲ್ವಲ್ಲ."

"ಹಾಕೋ, ಬೇಗ ಹಾಕೋ!"

ಮಹಾಲಿಂಗಯ್ಯ ಆತುರಪಡದೆ ಬಾವಿಯತ್ತ ಹೊರಟರು. ಆ ಯುಗಾದಿಗೆ ಅವರ ಕೆಲಸ ಖಾಯಂ ಆಯಿತು.