ನಲವತ್ತು ಮನೆಗಳ ‘ಉತ್ತಮ’

ತ್ರಿಪುರಸುಂದರಿಗೆ ಕೂತು ಕಾಫಿ ಕುಡಿಯುವ ಅಭ್ಯಾಸವೇ ಇರಲಿಲ್ಲ. ತ್ಯಾಗರಾಜನಗರದ ಬಾಡಿಗೆ ಮನೆಯ ಅಡುಗೆಕಟ್ಟೆಗೆ ಒರಗಿ ನಾಲ್ಕು ಗುಟುಕಿಗೆ ಲೋಟ ಖಾಲಿ ಮಾಡಿ, ನೆರಿಗೆಯನ್ನು ನಡೆಯುತ್ತಲೇ ಸರಿಮಾಡಿಕೊಂಡು ಬಸ್ ಸ್ಟಾಪಿಗೆ ಹೊರಟುಬಿಡುತ್ತಿದ್ದಳು. “ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ ಕಣೆ ನೀನು” ಎಂದು ತಾಯಿ ಭಾಗೀರಥಮ್ಮ ಬಾಗಿಲಲ್ಲಿ ನಿಂತು ಹೇಳುವಷ್ಟರಲ್ಲಿ ಮಗಳು ರಸ್ತೆಯ ತಿರುವು ದಾಟಿರುತ್ತಿದ್ದಳು. 2003ರ ಆ ಮಳೆಗಾಲದಲ್ಲಂತೂ ಅವಳ ಚಡಪಡಿಕೆ ಹೇಳತೀರದು. ಅದಕ್ಕೆಲ್ಲ ಕಾರಣ ಅವಳು ಹಾಕಬೇಕಾಗಿದ್ದ ಒಂದು ಸಹಿ.

ಸುಂದರಿ ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿದ್ದ ‘ಸುಮುಖ ಅಪ್ಲಯನ್ಸಸ್’ ಎಂಬ ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಇಡೀ ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ನಾವೂ ಸುಂದರಿ ಎಂದೇ ಕರೆಯೋಣ. ಗೃಹವಿಜ್ಞಾನ ಓದಿ, ಮೊದಲಿಗೆ ನಗರ್ತಪೇಟೆಯ ಅಂಗಡಿಗಳ ಮುಂದೆ ನಿಂತು ಮಿಕ್ಸಿಯಲ್ಲಿ ಚಟ್ನಿ ರುಬ್ಬಿ ತೋರಿಸುತ್ತಿದ್ದವಳು. ಹನ್ನೆರಡು ವರ್ಷ ಕಳೆದ ಮೇಲೆ ಅವಳ ಕೆಲಸ ಬೇರೆಯಾಗಿತ್ತು. ಹೊಸ ಯಂತ್ರ ಅಂಗಡಿಗೆ ಹೋಗುವ ಮೊದಲು ಅದನ್ನು ನಲವತ್ತು ಮನೆಗಳಲ್ಲಿ ಬಳಸಲು ಕೊಡಬೇಕು, ಹೆಂಗಸರಿಗೆ ಏನು ಹಿಡಿಸಿತು, ಏನು ತೊಂದರೆಯಾಯಿತು ಎಂದು ವಿಚಾರಿಸಬೇಕು, ವರದಿ ಬರೆದು ಕೆಳಗೆ ಸಹಿ ಹಾಕಬೇಕು. ಅವಳ ಸಹಿ ಬಿದ್ದರೆ ಯಂತ್ರ ಬಿಡುಗಡೆ.

ನಾಲ್ಕು ವರ್ಷದ ಹಿಂದೆ ಹೀಗೆಯೇ ಒಂದು ಜ್ಯೂಸರಿಗೆ ಸಹಿ ಹಾಕಿದ್ದಳು. ಮನೆಗಳವರೆಲ್ಲ ಹೊಗಳಿದ್ದರು. ಅಂಗಡಿಗೆ ಹೋದ ಜ್ಯೂಸರುಗಳು ಮೂರೇ ತಿಂಗಳಲ್ಲಿ ಗಾಡಿಗಟ್ಟಲೆ ವಾಪಸು ಬಂದವು. ಮುಚ್ಚಳ ಬಿಗಿದುಕೊಂಡು ಬಿಟ್ಟರೆ ಗಂಡಸರೇ ಬಂದು ಬಿಚ್ಚಬೇಕಾಗಿತ್ತಂತೆ. ಕಾರ್ಖಾನೆಯ ಹಿಂದಿನ ಶೆಡ್ಡು ಮುಚ್ಚಿತು, ಐದು ಜನ ಮನೆಗೆ ಹೋದರು. ಅವರಲ್ಲೊಬ್ಬನಾದ ಕೆಂಚಪ್ಪ ಈಗ ಗಾಂಧಿ ಬಜಾರಿನಲ್ಲಿ ತರಕಾರಿ ಗಾಡಿ ಇಟ್ಟುಕೊಂಡಿದ್ದ. ಅವಳನ್ನು ಕಂಡರೆ ಅವನು ಮುಖ ತಿರುಗಿಸಬೇಕಿತ್ತು. ಅದರ ಬದಲು, “ಚೆನ್ನಾಗಿದೀರಾ ಅಕ್ಕ?” ಎಂದು ಕೇಳಿ ಚೀಲಕ್ಕೆ ಒಂದು ಹಿಡಿ ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದ. ಬೈದಿದ್ದರೆ ಅವಳ ಸಂಕಟ ಎಷ್ಟೋ ಕಡಿಮೆಯಾಗುತ್ತಿತ್ತು.

ಈಗ ಬಂದಿದ್ದು ಅಡುಗೆಕಟ್ಟೆಯ ಮೇಲೆ ಇಡಬಹುದಾದ ಪುಟ್ಟ ಗ್ರೈಂಡರ್. ಕೆಳಗೆ ಮೋಟಾರು, ಮೇಲೆ ಸ್ಟೀಲಿನ ಪಾತ್ರೆ, ಒಳಗೆ ಉರುಳುವ ಕಲ್ಲುಗಳು. ರುಬ್ಬಿದ ಮೇಲೆ ಪಾತ್ರೆಯನ್ನು ಹಿಟ್ಟಿನ ಸಮೇತ ಎತ್ತಿ ಬಗ್ಗಿಸಿಕೊಂಡರಾಯಿತು. ಕಾರ್ಖಾನೆಯ ಯಜಮಾನ ಶಿವಶಂಕರ್ ಇದನ್ನೇ ನಂಬಿಕೊಂಡಿದ್ದ. ಗೌರಿ ಹಬ್ಬಕ್ಕೆ ಅಂಗಡಿಗಳಲ್ಲಿ ಇರಬೇಕು, ತಪ್ಪಿದರೆ ಇನ್ನು ದೀಪಾವಳಿ. ಈ ಸಲವೂ ಮಾಲು ತಿರುಗಿ ಬಂದರೆ ಮುಂದಿನ ಶೆಡ್ಡಿನ ಹನ್ನೊಂದು ಜನಕ್ಕೂ ಬಾಗಿಲು ಹಾಕಿದ ಹಾಗೆಯೇ ಎಂದು ಅವನೂ ಬಲ್ಲ, ಸುಂದರಿಯೂ ಬಲ್ಲಳು.

ನಲವತ್ತು ಮನೆಗಳಿಂದಲೂ ಫಾರಂ ತುಂಬಿ ಬಂತು. ಅದರಲ್ಲಿ ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ ಎಂದು ನಾಲ್ಕು ಚೌಕ. ಒಬ್ಬರಾದರೂ ಮೂರನೆಯ ಚೌಕದ ಕಡೆ ಪೆನ್ನು ತಿರುಗಿಸಿರಲಿಲ್ಲ. ಶಿವಶಂಕರ್ ಕುರ್ಚಿಯಿಂದ ಎದ್ದೇಬಿಟ್ಟ.

“ಮೇಡಂ, ಇನ್ನೇನು ಬೇಕು? ಹಾಕ್ರಿ ಸಹಿ!”

“ಸ್ವಲ್ಪ ತಡೀರಿ ಸಾರ್. ಇಷ್ಟು ಒಳ್ಳೇ ಮಷೀನು ಭೂಮಿ ಮೇಲೆ ಇರೋಕೆ ಸಾಧ್ಯ ಇಲ್ಲ.”

ಅವಳಿಗೆ ತನ್ನ ಊರಿನ ಹೆಂಗಸರು ಗೊತ್ತಿದ್ದರು. ಬಸವನಗುಡಿ, ಮಲ್ಲೇಶ್ವರದ ಯಾವ ಮನೆಗೇ ಹೋಗಲಿ, ಮೊದಲು ಕಾಫಿ, ಹೊರಡುವಾಗ ಅರಿಶಿನ ಕುಂಕುಮ. ಹಣೆಗೆ ಕುಂಕುಮ ಇಟ್ಟು ಕಳಿಸುವ ಹೆಣ್ಣುಮಗಳ ಎದುರು ಅವಳೇ ತಂದುಕೊಟ್ಟ ವಸ್ತುವನ್ನು ಕೆಟ್ಟದ್ದು ಎಂದು ಹೇಳುವ ಬಾಯಿ ಆ ಮನೆಗಳಲ್ಲಿ ಯಾರಿಗಿದೆ? ಮಲ್ಲೇಶ್ವರದ ಒಬ್ಬ ಗೃಹಿಣಿಯಂತೂ ಗುಟ್ಟನ್ನು ಬಿಟ್ಟುಕೊಟ್ಟೇ ಬಿಟ್ಟಿದ್ದರು. “ಹೇಗೆ ಬರೆದ್ರೆ ನಿಮ್ಗೆ ಒಳ್ಳೇದಾಗುತ್ತೆ ಹೇಳಿ, ಹಾಗೇ ಬರೀತೀನಿ. ಪಾಪ, ನನ್ನಿಂದ ನಿಮ್ಮ ಕೆಲಸಕ್ಕೆ ಸಂಚಕಾರ ಬರೋದು ಬೇಡ.”

ಫಾರಂ ಕೈಕೊಟ್ಟಿತೆಂದರೆ ಬೇರೆ ಸಾಧನ ಹುಡುಕಬೇಕಲ್ಲ. ಆ ಹೊತ್ತಿಗೆ ಸರಿಯಾಗಿ ಶಿವಶಂಕರನ ಗೆಳೆಯನ ಮಗ ಕಶ್ಯಪ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮುಗಿಸಿ ಬಂದು ಕಾರ್ಖಾನೆಗೆ ಸೇರಿಕೊಂಡಿದ್ದ. ಸಂಶೋಧನೆಗೆ ಯಾವ್ಯಾವ ಉಪಕರಣ ಸಿಗುತ್ತದೆ, ಯಾವುದರ ಗುಣವೇನು ಎಂದು ಅವನು ಹೇಳಲು ಶುರುಮಾಡಿದರೆ ನಿಲ್ಲಿಸುವುದು ಕಷ್ಟ.

“ಮೇಡಂ, ಫಾರಂ ಎಲ್ಲಾ ಹಳೇ ಕಾಲದ್ದು. ಟೇಪ್ ರೆಕಾರ್ಡರ್ ತಗೊಂಡು ಹೋಗಿ. ಬಾಯಲ್ಲಿ ಮಾತಾಡ್ವಾಗ ಜನ ನಿಜ ಹೇಳ್ತಾರೆ.”

ಸುಂದರಿ ಟೇಪ್ ರೆಕಾರ್ಡರ್ ಹೊತ್ತಳು. ಅಲ್ಲಿಯವರೆಗೆ ಸೊಸೆಯ ಮೇಲೆ, ನೀರಿನವನ ಮೇಲೆ, ಕರೆಂಟಿನ ಮೇಲೆ ಬಾಯಿತುಂಬ ದೂರುತ್ತಿದ್ದವರು ಕೆಂಪು ದೀಪ ಹತ್ತಿದ ಕೂಡಲೇ ಗಂಟಲು ಸರಿಮಾಡಿಕೊಂಡು ರೇಡಿಯೋದವರಾದರು. “ಈ ರುಬ್ಬುವ ಯಂತ್ರವು ಗೃಹಿಣಿಯರ ಪಾಲಿಗೆ ಒಂದು ವರದಾನವಾಗಿದೆ ಎಂದು ಹೇಳಲು ನನಗೆ ಅತೀವ ಸಂತೋಷವಾಗುತ್ತದೆ.” ಹದಿನಾಲ್ಕು ಕ್ಯಾಸೆಟ್ ತುಂಬ ಅದೇ ಅತೀವ ಸಂತೋಷ. ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿಯಿತು.

ಆಮೇಲೆ ಕಶ್ಯಪ್ ವಿಡಿಯೋ ಕ್ಯಾಮೆರಾ ತರಿಸಿದ. ಬಸವನಗುಡಿಯ ಜಾನಕಮ್ಮನವರ ಮನೆಗೆ ಇಬ್ಬರೂ ಹೋದರು. ಜಾನಕಮ್ಮ ಸ್ಕೂಲ್ ಟೀಚರಾಗಿ ನಿವೃತ್ತರಾದವರು, ಅವರ ಕೈಯ ದೋಸೆಗೆ ಆ ಬೀದಿಯಲ್ಲೇ ಹೆಸರು. ಹಿಂದಿನ ದಿನ ಫೋನ್ ಮಾಡಿ ಹೇಳಿದ್ದೇ ತಪ್ಪಾಯಿತು. ಅಡುಗೆಮನೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಜಾನಕಮ್ಮ ರೇಷ್ಮೆ ಸೀರೆಯಲ್ಲಿದ್ದರು. ಗ್ರೈಂಡರಿಗೂ ಕುಂಕುಮದ ಬೊಟ್ಟು. ನಗುನಗುತ್ತಾ ಅಕ್ಕಿ ಸುರಿದು, ನಗುನಗುತ್ತಾ ರುಬ್ಬಿದರು. ಹಿಟ್ಟು ನುಣ್ಣಗಾದ ಕೂಡಲೇ ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದರು.

“ಸಾಕು, ಇನ್ನು ನಿಲ್ಸಪ್ಪಾ. ಬಗ್ಗಿಸೋದು ತೊಳೆಯೋದು ಎಲ್ಲಾ ಯಾರಾದ್ರೂ ಫೋಟೋ ತೆಗೀತಾರಾ? ಅಸಹ್ಯ!”

ಕಶ್ಯಪ್ ವಿಧೇಯನಾಗಿ ನಿಲ್ಲಿಸಿದ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಕಾರ್ಖಾನೆಯಲ್ಲಿ ಟೀವಿಗೆ ಹಾಕಿ ತೋರಿಸಿದಾಗ ಶಿವಶಂಕರನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ಜಾಹೀರಾತಿಗೇ ಹಾಕ್ಬಹುದು ಇದನ್ನ” ಎಂದ.

ಸುಂದರಿಗೆ ಮಾತ್ರ ನೆಮ್ಮದಿಯಿಲ್ಲ. ಒಂದು ವಾರ ಕಳೆದು, ಯಾರಿಗೂ ಹೇಳದೆ, ಫೋನೂ ಮಾಡದೆ ಅವಳೊಬ್ಬಳೇ ಜಾನಕಮ್ಮನವರ ಮನೆಗೆ ಹೋದಳು. ಗೇಟಿನ ಹತ್ತಿರ ಬಂದಾಗಲೇ ಹಿತ್ತಲಿಂದ ಒರಳುಕಲ್ಲು ಗುಡುಗುಡು ತಿರುಗುವ ಶಬ್ದ ಕೇಳಿಸಿತು. ಬೆಲ್ ಒತ್ತಿದಳು. ಶಬ್ದ ನಿಂತಿತು. ಬಾಗಿಲು ತೆರೆದ ಜಾನಕಮ್ಮನವರ ಮೊಣಕೈವರೆಗೂ ಉದ್ದಿನ ಹಿಟ್ಟು. ಗ್ರೈಂಡರು ಒಳಗೆ ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿತ್ತು.

“ದಿನಾ ಇದ್ರಲ್ಲೇ ರುಬ್ಬೋದು ಕಣಮ್ಮ” ಎಂದರು ಜಾನಕಮ್ಮ, ಹಿಟ್ಟಿನ ಕೈಯನ್ನು ಸೆರಗಿನ ಮರೆಗೆ ಸರಿಸುತ್ತಾ. “ಬಾ, ಕಾಫಿ ಕುಡಿ.”

ತಾಯಿಯ ವಯಸ್ಸಿನವರನ್ನು ಹಿಡಿದು ನಿಲ್ಲಿಸಿ, ನೀವು ಸುಳ್ಳು ಹೇಳುತ್ತಿದ್ದೀರಿ ಎನ್ನಲಾದೀತೇ? ಸುಂದರಿ ಕಾಫಿ ಕುಡಿದಳು, ಕುಂಕುಮ ಇಡಿಸಿಕೊಂಡಳು, ಹೊರಗೆ ಬಂದು ಮಳೆಯಲ್ಲಿ ಕೊಡೆ ಬಿಚ್ಚುವುದನ್ನೂ ಮರೆತು ಬಿರಬಿರನೆ ನಡೆದಳು. ಈ ಯಂತ್ರದಲ್ಲಿ ಏನೋ ಇದೆ. ಇವರಿಗೆಲ್ಲ ಗೊತ್ತಿದೆ, ನನಗೊಬ್ಬಳಿಗೆ ಗೊತ್ತಿಲ್ಲ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಹಬ್ಬಕ್ಕೆ ಇಪ್ಪತ್ತು ದಿನ ಉಳಿದಿತ್ತು.

ಮರುದಿನ ಶಿವಶಂಕರ್ ಪಟ್ಟು ಹಿಡಿದ. “ಮೇಡಂ, ಫಾರಂ ಆಯ್ತು, ಟೇಪ್ ಆಯ್ತು, ಕ್ಯಾಮೆರಾ ಆಯ್ತು. ಇನ್ನೂ ಯಾವ ಸಾಧನ ಬೇಕು ಹೇಳಿ, ತರಿಸ್ತೀನಿ. ಅದೂ ಬೇಡಾಂದ್ರೆ ಶುಕ್ರವಾರ ಸಹಿ ಹಾಕ್ಬಿಡಿ.”

“ಒಬ್ಬ ಹೆಂಗಸು ಬೇಕು ಸಾರ್” ಎಂದಳು ಸುಂದರಿ. ಆ ಕ್ಷಣದಲ್ಲಿ ಹೊಳೆದದ್ದೇ ಅದು. “ಇಲ್ಲಿಗೇ ಬರ್ಬೇಕು. ಅಕ್ಕಿ ಹಾಕೋದ್ರಿಂದ ಹಿಡ್ದು ತೊಳೆದು ಒರೆಸಿ ಇಡೋವರೆಗೂ ಮಾಡ್ಬೇಕು. ನಾವು ಏನೂ ಕೇಳ್ಬಾರ್ದು, ಸುಮ್ನೆ ನೋಡ್ಬೇಕು.”

ಆದರೆ ನಲವತ್ತು ಮನೆಯವರಲ್ಲಿ ಯಾರು ತಾನೇ ಚಾಮರಾಜಪೇಟೆಯ ಶೆಡ್ಡಿಗೆ ಬಂದು, ಗಂಡಸರ ಎದುರು ಹಿಟ್ಟು ರುಬ್ಬಿಯಾರು? ಸುಂದರಿಗೆ ಉಳಿದದ್ದು ತನ್ನ ತಾಯಿ. ಅವರ ಮನೆಯಲ್ಲೂ ಒಂದು ಗ್ರೈಂಡರು ಎರಡು ತಿಂಗಳಿಂದ ಇತ್ತು. ದಿನಾ ಸಂಜೆ ಬಂದವಳೇ ಚಪ್ಪಲಿ ಬಿಡುತ್ತಾ, “ಮಷೀನು ಹೇಗಿದೆ ಅಮ್ಮ?” ಎಂದು ಕೇಳುತ್ತಿದ್ದಳು. “ಚೆನ್ನಾಗಿದೆ ಕಣೆ” ಎಂದು ಒಳಗಿಂದ ಉತ್ತರ ಬರುತ್ತಿತ್ತು. ಕಾರ್ಖಾನೆಯವರಿಗೆಲ್ಲ ಉದ್ದಿನ ವಡೆ ಮಾಡಿ ಹಾಕೋಣ, ಹಿಟ್ಟು ರುಬ್ಬಿಕೊಡಲು ಬಾ ಎಂದು ಹೇಳಿದ್ದಕ್ಕೆ ಭಾಗೀರಥಮ್ಮ ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. ಹನ್ನೊಂದು ಜನಕ್ಕೆ ಊಟ ಹಾಕುವುದೆಂದರೆ ಅವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ.

ಗುರುವಾರ ಬೆಳಿಗ್ಗೆ ನೆನೆಸಿದ ಉದ್ದು ಎರಡು ಡಬ್ಬಿಗೆ ಹಾಕಿಕೊಂಡು ಬಂದರು. ಮೇಜಿನ ಮೇಲೆ ಗ್ರೈಂಡರು, ಸುತ್ತ ಶಿವಶಂಕರ್, ಕಶ್ಯಪ್, ಕೆಲಸದವರು. ಏನೂ ಕೇಳಬಾರದೆಂದು ಎಷ್ಟು ಹೇಳಿದ್ದರೂ ಶಿವಶಂಕರನ ಬಾಯಿ ತಡೆಯಲಿಲ್ಲ.

“ಹೇಗಿದೆ ಅಮ್ಮ ನಮ್ಮ ಗ್ರೈಂಡರು?”

“ತುಂಬಾ ಚೆನ್ನಾಗಿದೆಯಪ್ಪಾ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.”

ಶಿವಶಂಕರ್ ಸುಂದರಿಯ ಕಡೆ ನೋಡಿದ. ಸುಂದರಿ ಉಗುರು ಕಚ್ಚುತ್ತಾ ತಾಯಿಯ ಕೈಯನ್ನೇ ನೋಡುತ್ತಿದ್ದಳು. ಮೋಟಾರು ಗುಂಯ್ಗುಟ್ಟಿತು. ಅರ್ಧ ಗಂಟೆಗೆ ಹಿಟ್ಟು ಹದಕ್ಕೆ ಬಂತು. ಭಾಗೀರಥಮ್ಮ ಕಲ್ಲುಗಳನ್ನು ತೆಗೆದಿಟ್ಟರು. ತುಂಬಿದ ಪಾತ್ರೆಯನ್ನು ಎತ್ತಲು ಬಗ್ಗಿದರು. ಬಗ್ಗುವ ಮೊದಲು, ಯಾರ ಕಡೆಗೂ ನೋಡದೆ, ಸೆರಗಿನ ತುದಿಯನ್ನು ಒಂದು ಕೈಗೆ ಎರಡು ಸುತ್ತು ಸುತ್ತಿಕೊಂಡರು. ಇನ್ನೊಂದು ಕೈಗೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಅಡುಗೆ ಬಟ್ಟೆ ತೆಗೆದುಕೊಂಡರು.

“ಯಾಕಮ್ಮಾ ಬಟ್ಟೆ? ಬಿಸಿಯಾಗಿದ್ಯಾ?” ಎಂದ ಕಶ್ಯಪ್.

“ಬಿಸಿ ಎಲ್ಲಿಂದ ಬರ್ಬೇಕಪ್ಪಾ? ಅಂಚು ಕುಯ್ಯುತ್ತಲ್ಲ” ಎಂದರು ಭಾಗೀರಥಮ್ಮ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವಷ್ಟು ಸಹಜವಾಗಿ ಹೇಳಿದರು. “ಬಟ್ಟೆ ಹಿಡ್ಕೊಂಡ್ರಾಯ್ತು, ಅದಕ್ಕೇನು.”

ಶಿವಶಂಕರ್ ಕೆಲಸದವರ ಕಡೆ ತಿರುಗಿದ. ಕೆಲಸದವರು ಆ ಪಾತ್ರೆಯನ್ನು ದಿನಾ ನೂರು ಸಲ ಎತ್ತಿ ಇಡುತ್ತಿದ್ದರು, ಆದರೆ ಖಾಲಿ ಪಾತ್ರೆಯನ್ನು, ಅದೂ ದಪ್ಪ ಕೈಗವಸು ಹಾಕಿಕೊಂಡು. ಶಿವಶಂಕರ್ ಮುಂದೆ ಬಂದು ಬರಿಗೈಯಲ್ಲಿ ತುಂಬಿದ ಪಾತ್ರೆಯನ್ನು ಎತ್ತಿದ. ಹಿಟ್ಟು ತಾಗಿದ ಬೆರಳು ಜಾರಿತು, ಭಾರಕ್ಕೆ ಅಂಚು ಒತ್ತಿತು. ಕೆಳಗಿಟ್ಟು ಅಂಗೈ ತಿರುಗಿಸಿ ನೋಡಿಕೊಂಡ. ನಾಲ್ಕೂ ಬೆರಳಿನ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ. ಜಾನಕಮ್ಮ ಕ್ಯಾಮೆರಾಕ್ಕೆ ಯಾವಾಗ ಕೈ ಅಡ್ಡ ಹಿಡಿದರೆಂದು ಆಗ ಕಶ್ಯಪನಿಗೂ ನೆನಪಾಯಿತು. ಅವನು ತಲೆ ತಗ್ಗಿಸಿದ.

ಶಿವಶಂಕರ್ ಒಳ್ಳೆಯವನು, ಒರಟ. “ಹಬ್ಬ ಹೋಯ್ತು” ಎಂದ. ಆಮೇಲೆ ಕಶ್ಯಪನಿಗೆ, “ಅಂಗಡಿಯವ್ರಿಗೆಲ್ಲ ಫೋನ್ ಮಾಡು. ದೀಪಾವಳಿಗೆ ಕೊಡ್ತೀವಿ ಅನ್ನು. ಅಂಚು ಮಡಚಿ ನುಣ್ಣಗೆ ಮಾಡೋವರೆಗೂ ಒಂದು ಪಾತ್ರೆ ಈ ಶೆಡ್ಡು ದಾಟ್ಬಾರ್ದು” ಎಂದ. ಸಹಿಯ ಕಾಗದವನ್ನು ತಾನೇ ಮಡಚಿ ಡ್ರಾಯರಿಗೆ ಹಾಕಿದ. ನಾಲ್ಕು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದ ಹಾಗಾಗಿ ಸುಂದರಿ ಉಸಿರು ಬಿಟ್ಟಳು. ಗೆದ್ದೆ ಎಂದೇ ಅವಳಿಗೆ ಅನ್ನಿಸಿತು. ಆ ಖುಷಿ ಮಧ್ಯಾಹ್ನದವರೆಗೆ ಇತ್ತು.

ಎಲ್ಲರಿಗೂ ವಡೆ ಬಡಿಸಿ ಮುಗಿಸಿ ತಾಯಿ ಮಗಳು ಬಸ್ ಸ್ಟಾಪಿಗೆ ಬಂದರು. ಚಿಲ್ಲರೆ ತೆಗೆಯಲು ಭಾಗೀರಥಮ್ಮ ಪರ್ಸಿಗೆ ಕೈಹಾಕಿದಾಗ ಸುಂದರಿ ಆ ಬೆರಳುಗಳನ್ನು ನೋಡಿದಳು. ಒಂದರ ಪಕ್ಕ ಒಂದು, ಹಳೆಯದರ ಮೇಲೆ ಹೊಸದು, ಅರಿಶಿನ ಮೆತ್ತಿದ ಗೆರೆಗಳು. ಎತ್ತುವಾಗ ಬಟ್ಟೆ ಹಿಡಿಯಬಹುದು, ತೊಳೆಯುವಾಗ ಬರಿಗೈಯೇ ಗತಿಯಲ್ಲವೇ?

“ಅಮ್ಮ, ಎರಡು ತಿಂಗ್ಳು! ನಂಗೊಂದು ಮಾತು ಹೇಳ್ಬಾರ್ದಿತ್ತಾ? ದಿನಾ ಕೇಳ್ತಿದ್ನಲ್ಲ?”

“ಏನಂತ ಕೇಳ್ತಿದ್ದೆ?” ಎಂದರು ಭಾಗೀರಥಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. “ಮಷೀನು ಹೇಗಿದೆ ಅಂತ ಕೇಳ್ತಿದ್ದೆ. ಮಷೀನು ಚೆನ್ನಾಗೇ ಇದೆ, ಹಿಟ್ಟು ಬೆಣ್ಣೆ ಹಾಗೆ ಬರುತ್ತೆ. ನಿನ್ನ ಕೈ ಹೇಗಿದೆ ಅಮ್ಮ ಅಂತ ಒಂದು ದಿನ ಕೇಳಿದ್ಯೇನೆ?”

ಸುಂದರಿ ತಾಯಿಯ ಎರಡೂ ಕೈಗಳನ್ನು ಹಿಡಿದುಕೊಂಡಳು. ತ್ಯಾಗರಾಜನಗರದ ಬಸ್ಸು ಬಂದು ನಿಂತಿತು. ಇಬ್ಬರೂ ಹತ್ತಲಿಲ್ಲ.