ಸುಸ್ತಿ ಆ್ಯಪ್

"ಅಮ್ಮಾ, ಆ ತಾತ ಯಾಕೆ ಎಲ್ಲರ ಮನೇಲೂ ಸಾರಿ ಕೇಳಿದ್ರು? ಏನಾದ್ರೂ ಒಡೆದು ಹಾಕಿದ್ರಾ?"

ಜಡೆ ಹಾಕಿಸಿಕೊಳ್ಳುತ್ತಾ ಮೇಘನ ಕೇಳಿದಳು. ಒಂದು ಪದ ತಪ್ಪಾಯಿತು ಕಣೇ, ಅಷ್ಟೇ ಅಂದೆ. "ಪದ ತಪ್ಪಾದ್ರೆ ನಮ್ಮ ಮಿಸ್ಸು ಬರೀ ಕೆಂಪು ಪೆನ್ನಲ್ಲಿ ರೌಂಡ್ ಹಾಕ್ತಾರೆ" ಅಂದಳು.

ಆ ತಾತ ಮುಳಬಾಗಿಲಿನ ರಾಮಚಂದ್ರರಾಯರು. ಸಹಕಾರ ಸಂಘವೊಂದರಲ್ಲಿ ಗುಮಾಸ್ತರಾಗಿದ್ದು, ಸಾಲ ಕಟ್ಟದವರಿಗೆ ಕನ್ನಡದಲ್ಲಿ ನೋಟೀಸು ಬರೆಯುತ್ತಲೇ ತಲೆ ನರೆಸಿಕೊಂಡವರು. ನಿವೃತ್ತರಾದ ಮೇಲೆ ಕೋರ್ಟಿನ ಕಾಗದಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಾರೆ. ತೆಲುಗಿನವರು ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ತೆಲುಗಿನಲ್ಲೇ ಓದಿ ಹೇಳುತ್ತಾರೆ.

ನಾನು ಕೋಲಾರದಲ್ಲಿ ಮನೆಯಲ್ಲೇ ರಾಗಿ ಹುರಿಹಿಟ್ಟು, ಚಕ್ಕುಲಿ ಮಾಡಿ ಮಾರುತ್ತೇನೆ; ಪಕ್ಕದ ಮನೆ ಅಂಜಮ್ಮನದು ಉಪ್ಪಿನಕಾಯಿ. ನಮ್ಮಂಥವರಿಗೆ ಆರ್ಡರ್ ತಂದುಕೊಡುವ ಕಂಪನಿಯ ಆ್ಯಪ್ ಹಾಕಿಕೊಂಡರೆ, ದುಡ್ಡು ಪಡೆಯುವ ಅದರದೇ ಇನ್ನೊಂದು ಆ್ಯಪ್ ಹೇಳದೆ ಕೇಳದೆ ಬಂದು ಕೂರುತ್ತಿತ್ತು. ಅದರಲ್ಲಿ ಬಿದ್ದ ದುಡ್ಡು ಕೈಗೆ ಸಿಗಲು ವಾರ ಬೇಕು. ಬೆಲ್ಲದ ಅಂಗಡಿಯವರು ವಾರ ಕಾಯುತ್ತಾರೆಯೇ? ದುಡ್ಡಿಗೆ ಬೇರೆ ಆ್ಯಪ್ ಹಾಕಿಕೊಂಡರೆ ಆರ್ಡರೇ ಬರುತ್ತಿರಲಿಲ್ಲ. ಕಂಪನಿ ಬೇರೆಯವರನ್ನು ಪೈಪೋಟಿಗೇ ಬಿಡುತ್ತಿಲ್ಲ ಎಂದು ಮಾರಾಟಗಾರರು ದೂರು ಕೊಟ್ಟು, ಕೊನೆಗೆ ದೆಹಲಿಯಲ್ಲಿ ರಾಜಿಯಾಯಿತು. ದುಡ್ಡು ಪಡೆಯಲು ನಮಗೆ ಬೇಕಾದ ಆ್ಯಪನ್ನು ಶನಿವಾರದೊಳಗೆ ಆರಿಸಿಕೊಳ್ಳಬಹುದು. ಸುಮ್ಮನಿದ್ದರೆ ಇನ್ನೊಂದು ವರ್ಷ ಕಂಪನಿಯದೇ ಗತಿ.

ರಾಜಿಪತ್ರದ ಮೊದಲ ಪುಟಗಳ ತುಂಬ ಪದಗಳ ಅರ್ಥವೇ. ಅವನ್ನು ಕನ್ನಡಕ್ಕೆ ತರಲು ನಮ್ಮ ಮಾರಾಟಗಾರರ ಸಂಘ ರಾಯರಿಗೆ ಒಪ್ಪಿಸಿತ್ತು. ಅಲ್ಲಿ 'ಡೀಫಾಲ್ಟ್ ಆ್ಯಪ್' ಅಂತಿತ್ತು. ಡೀಫಾಲ್ಟ್ ಕಂಡ ಕೂಡಲೇ ರಾಯರ ಕೈ ಸಾಲ ಬಾಕಿಯ ನೋಟೀಸು ಬರೆದ ಹಳೆಯ ಅಭ್ಯಾಸದಲ್ಲಿ ಓಡಿ, 'ಸುಸ್ತಿ ಆ್ಯಪ್' ಎಂದು ಬರೆದುಬಿಟ್ಟಿತ್ತು.

ವಾಟ್ಸಾಪ್ ಗುಂಪಿನಲ್ಲಿ ಅದನ್ನು ನೋಡಿ ಹೆದರಿದವರು ಯಾರೂ ಆ್ಯಪ್ ಆರಿಸಲು ಫೋನ್ ಮುಟ್ಟಲಿಲ್ಲ.

"ಸುಸ್ತಿ ಅಂದ್ರೆ ನಂಗೊತ್ತಮ್ಮ," ಅಂದಳು ಅಂಜಮ್ಮ. "ಸೊಸೈಟಿಯೋರು ನಮ್ಮಪ್ಪನ ಹೆಸ್ರನ್ನ ಸುಸ್ತಿದಾರ ಅಂತ ಬೋರ್ಡಿಗೆ ಹಾಕಿದ್ರು. ನಾನು ಒತ್ತಲ್ಲ, ದೇವುಡಾ!"

ಗುರುವಾರ ನಾನೇ ರಾಯರಿಗೆ ಫೋನ್ ಮಾಡಿದೆ. "ಸಾರ್, ನಾವೇನು ಸಾಲ ಉಳಿಸ್ಕೊಂಡಿದೀವಾ?" ಆ ಕಡೆ ಕಾಗದ ತಿರುವಿದ ಸದ್ದು. ಆಮೇಲೆ, "ಅಯ್ಯೋ ರಾಮ!"

ತಿದ್ದಿ ಮೆಸೇಜ್ ಹಾಕಿ, ಅಷ್ಟು ಸಾಕು ಅಂದೆ. "ಹೆದರಿರೋರಿಗೆ ಇನ್ನೊಂದು ಮೆಸೇಜ್ ಹಾಕಿದ್ರೆ ಇನ್ನೂ ಹೆದರ್ತಾರಮ್ಮ, ಬರ್ತೀನಿ" ಅಂದರು. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದರು. ಮೇಘನಳಿಗೆ ರಜೆ, ನಮ್ಮ ಜೊತೆ ಅವಳೂ ಮನೆಮನೆ ಸುತ್ತಿದಳು.

ಅಂಜಮ್ಮ ಕಾಫಿ ತಂದಳು. ರಾಯರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಸಕ್ಕರೆ ಹಾಕಿದೀಯಲ್ಲ ತಾಯಿ, ನನಗೆ ಶುಗರ್ರು."

"ಹೇಳ್ಬೇಕಲ್ಲ ಸ್ವಾಮಿ! ಹೇಳ್ದಿದ್ರೆ ಹಾಕೇ ಹಾಕ್ತೀವಿ."

ರಾಯರ ಮುಖ ಅರಳಿತು. "ಅದೇ ನೋಡು ಡೀಫಾಲ್ಟು! ನೀನು ಏನೂ ಹೇಳ್ದಿದ್ರೆ ತಾನಾಗೇ ಬರೋದು. ಸಾಲಕ್ಕೂ ಇದಕ್ಕೂ ಸಂಬಂಧ ಇಲ್ಲ. ನಂದೇ ತಪ್ಪು, ಸಾರಿ ಕಣಮ್ಮ."

"ಕರೀದೇ ಬರೋದಾ? ಹಂಗಾದ್ರೆ ನಮ್ ಬೀಗ್ರೇ ಡೀಫಾಲ್ಟು!" ಎಂದು ನಗುತ್ತಾ ಅಂಜಮ್ಮ ಫೋನ್ ತಂದಳು. ರಾಯರು ತೋರಿಸಿದಲ್ಲಿ ತಾನೇ ಒತ್ತಿದಳು.

ಆಮೇಲೆ ಪ್ರತಿ ಮನೆಯಲ್ಲೂ ಮೊದಲು ಸಾರಿ, ಆಮೇಲೆ ಸಕ್ಕರೆಯ ಕತೆ. ಸಂಜೆಯ ಹೊತ್ತಿಗೆ ನಮ್ಮ ಬೀದಿಯವರೆಲ್ಲ ಆರಿಸಿಕೊಂಡಾಗಿತ್ತು. ಈಗ ಚಕ್ಕುಲಿಯ ದುಡ್ಡು ಅಂದಂದೇ ಕೈಗೆ ಬರುತ್ತಿದೆ. ಬೆಲ್ಲದ ಅಂಗಡಿಯ ಮುಂದೆ ತಲೆ ತಗ್ಗಿಸಿ ಹೋಗುವುದು ತಪ್ಪಿದೆ. ಆ ಬಿಸಿಲಲ್ಲಿ, ಆ ವಯಸ್ಸಿನಲ್ಲಿ, ಒಂದು ಪದಕ್ಕಾಗಿ ಬಂದವರನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಅವತ್ತು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ಹುರಿಹಿಟ್ಟಿನ ಪೊಟ್ಟಣ ಕೊಟ್ಟೆ, ಬೆಲ್ಲ ಹಾಕದ್ದು. ಅದನ್ನು ಚೀಲಕ್ಕೆ ಹಾಕಿಕೊಂಡು ರಾಯರು ಬಸ್ಸು ಹತ್ತದೆ ನಿಂತರು.

"ಒಂದು ಉಪಕಾರ ಆಗ್ಬೇಕಿತ್ತಮ್ಮ. ಮುಂದಿನ ಪುಟದಲ್ಲಿ 'ಬಂಡಲ್' ಅಂತ ಒಂದು ಪದ ಇದೆ. ಒಂದು ಆ್ಯಪ್ ಜೊತೆ ಇನ್ನೊಂದನ್ನ ಕಟ್ಟಿ ಕೊಡೋದು ಅಂತ ಅರ್ಥ. ಹಂಗೇ ಬಿಟ್ರೆ ಜನ ನಾನೇ ಬಂಡಲ್ ಬಿಡ್ತಿದೀನಿ ಅಂದ್ಕೋತಾರೆ. ನಾನು ಬರೆದಿದ್ದನ್ನ ಗುಂಪಿಗೆ ಹಾಕೋಕ್ ಮುಂಚೆ ನೀವು ಅಂಜಮ್ಮನಿಗೆ ಓದಿ, ಅವರ ಮುಖ ಹೇಗಾಯ್ತು ಅಂತ ನನಗೆ ಫೋನ್ ಮಾಡ್ತೀರಾ?"