ಕೈ ಎತ್ತದೆ ಕುಣಿದ ಟೀಚರ್

ಶನಿವಾರ ಬೆಳಗ್ಗೆ ಸೊರಬದ ನಮ್ಮ ಶಾಲೆಗೆ ಬೇಗ ಹೋದಾಗ ಏಳನೇ ತರಗತಿಯ ಕೋಣೆಯಿಂದ ಟಪಟಪ ಸದ್ದು ಕೇಳಿಸಿತು. ಇಣುಕಿದರೆ ನನ್ನ ಸಹೋದ್ಯೋಗಿ ವಸಂತಾ ಟೀಚರ್! ಮೇಜಿನ ಮೇಲೆ ಮೊಬೈಲ್ ನಿಲ್ಲಿಸಿ, ಅದರಲ್ಲಿ ಕುಣಿಯುತ್ತಿದ್ದ ಹುಡುಗಿಯನ್ನು ನೋಡುತ್ತ, ನಲವತ್ತೆಂಟರ ಅವರು ನೆಟ್ಟಗೆ ನಿಂತು ಪಾದಗಳನ್ನಷ್ಟೇ ಚಕಚಕನೆ ಆಡಿಸುತ್ತಿದ್ದರು.

ಮೊದಲೆಲ್ಲ ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ನೃತ್ಯ ಕಲಿಸುತ್ತಿದ್ದವರು ಅವರೇ. ಬೈಕಿನಿಂದ ಬಿದ್ದು ಬಲಗೈ ಮೇಲೇಳದಂತಾದ ಮೇಲೆ ಕುಣಿತದ ಮಾತೇ ಎತ್ತಿರಲಿಲ್ಲ.

ನನ್ನನ್ನು ಕಂಡು ಅವರು ನಾಚಲಿಲ್ಲ. "ಇದು ಐರ್ಲೆಂಡ್ ಕಡೆ ಡ್ಯಾನ್ಸ್ ಕಣ್ರೀ. ಇದ್ರಲ್ಲಿ ಕೈ ಎತ್ತೋ ಹಂಗೇ ಇಲ್ಲ, ಇಳಿಬಿಟ್ಕೊಂಡೇ ಕುಣೀಬೇಕು. ನಂಗೆ ಅಂತಾನೇ ಮಾಡ್ದಂಗಿದೆ ನೋಡ್ರೀ!" ಎಂದು ಏದುಸಿರಿನಲ್ಲೇ ನಕ್ಕರು.

ಮೂರು ತಿಂಗಳಿಂದ ಕಲಿಯುತ್ತಿದ್ದರೂ ಎಂಟು ಹೆಜ್ಜೆಗಳಲ್ಲಿ ಐದನೆಯದು ತಪ್ಪುತ್ತಿತ್ತಂತೆ. ನನ್ನೆದುರೂ ತಪ್ಪಿತು. ಬೇಸರಿಸದೆ ಮತ್ತೆ ಮೊದಲಿನಿಂದ ಶುರು ಮಾಡಿದರು. ಪ್ರಾರ್ಥನೆಯ ಬೆಲ್ ಹೊಡೆಯುವಷ್ಟರಲ್ಲಿ ಎಂಟೂ ಹೆಜ್ಜೆ ಕೂಡಿಬಂದವು. ಗೊತ್ತಿಲ್ಲದೆಯೇ ನಾನು ಚಪ್ಪಾಳೆ ತಟ್ಟಿದ್ದೆ.

ಮೆಟ್ಟಿಲು ಹತ್ತಲೂ ಗೊಣಗುವ ನಾನು, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರ ಪಕ್ಕ ಹೋಗಿ ನಿಂತೆ. ಮೊದಲ ಹೆಜ್ಜೆಗೇ ತೊಡರಿದೆ. "ಕಾಲು ನೋಡ್ಬೇಡ್ರೀ, ಎದುರಿಗೆ ನೋಡ್ರೀ!" ಎಂದು ಗದರಿದರು. ಎಷ್ಟೋ ದಿನಗಳ ಮೇಲೆ ವಸಂತಾ ಟೀಚರ್ ಒಬ್ಬರಿಗೆ ಕುಣಿತ ಕಲಿಸುತ್ತಿದ್ದರು.